ಗ್ರಹಣದ ಮಂಡಕ್ಕಿ

ಅಕ್ಟೋಬರ್ ೨೮, ೨೦೨೩. ಶನಿವಾರ ರಾತ್ರಿ, ಮಂಜಲ್‌ಪುರ.

ಚನ್ನಬಸು ಇವತ್ತು ಗ್ರಹಣದ ಹೊತ್ತಿಗೆ ಮಂಡಕ್ಕಿ ಮುಟ್ಟಲಿಲ್ಲ. ಬರೆದರೂ ನಂಬಿಕೆ ಬರುತ್ತಿಲ್ಲ.

ದಾವಣಗೆರೆಯ ಸ್ಮಶಾನದಲ್ಲಿ ಗ್ರಹಣ ಹಿಡಿದಾಗಲೇ ಮಂಡಕ್ಕಿ ತಿಂದು, ಪಂಚಾಂಗದವರಿಗೆ ಧಿಕ್ಕಾರ ಕೂಗಿದ ಗುಂಪಿನಲ್ಲೇ ಇವನನ್ನು ಮೊದಲು ಕಂಡದ್ದು. ಮದುವೆಯಾದ ಮೇಲೆ ರೈಲ್ವೆ ಕೆಲಸ ಎಲ್ಲೆಲ್ಲಿಗೆ ಎಸೆದರೂ ಒಂದು ಗ್ರಹಣವನ್ನೂ ನಾವು ಬಿಟ್ಟವರಲ್ಲ. ಮಗಳು ಮೇದಿನಿ ನನ್ನ ಹೊಟ್ಟೆಯಲ್ಲಿದ್ದಾಗ ಇವನೇ ಕೈತುತ್ತು ಕೊಟ್ಟಿದ್ದ.

ಇವತ್ತೂ ಟೆಲಿಸ್ಕೋಪ್ ಹೊತ್ತು ತಾರಸಿಗೆ ಹೊರಟಾಗ ಅವನನ್ನು ಕರೆದೆ.

"ನೀ ಹೋಗು. ಮಗಳು ಬಸುರಿ ಅದಾಳೆ. ಅವಳ ಕೋಣೆ ಕಿಟಕಿ ಹಾಕೀನಿ."

"ಕಿಟಕಿ ಹಾಕಿದ್ರೆ ಭೂಮಿ ನೆರಳು ವಾಪಸ್ ಹೋಗ್ತದೇನೋ? ನಾನು ಬಸುರಿ ಇದ್ದಾಗ ತಿನ್ಸಿದ್ಯಲ್ಲ!"

"ಆಗ್ಲೂ ಹೆದರಿಕೆ ಇತ್ತು ಕಣೆ. ಹೇಳ್ಲಿಲ್ಲ, ಅಷ್ಟೆ."

ಮಂಡಕ್ಕಿ ಪೊಟ್ಟಣವನ್ನೂ ಎತ್ತಿಕೊಂಡು ಒಬ್ಬಳೇ ಮೆಟ್ಟಿಲು ಹತ್ತಿದೆ. ಇಷ್ಟು ವರ್ಷ ಯಾರ ಜೊತೆ ಕೂತು ತಿಂದೆ ನಾನು?

ಶರದ್ ಪೂನಮ್, ಅಂದರೆ ಶರದೃತುವಿನ ಹುಣ್ಣಿಮೆ ಬಂತೆಂದರೆ ಬೆಳದಿಂಗಳಲ್ಲಿ ಹಾಲು-ಅವಲಕ್ಕಿ ತಿನ್ನುವ ಗುಜರಾತಿಗಳಿಂದ ತುಂಬಿ ತುಳುಕುವ ತಾರಸಿ ಇದು. ಈ ಸಲ ಗ್ರಹಣವೆಂದು ನರಪಿಳ್ಳೆ ಇಲ್ಲ. ನೋಡಿದರೆ ಚಂದ್ರನ ಒಂದಂಚಷ್ಟೇ ಕಪ್ಪಾಗಿದೆ. ಇಷ್ಟಕ್ಕೇ ಇಡೀ ಹೌಸಿಂಗ್ ಸೊಸೈಟಿ ಬಾಗಿಲು ಜಡಿದು ಕೂತಿದೆ, ಥೂ!

ಫೋನನ್ನು ಟೆಲಿಸ್ಕೋಪಿಗೆ ಬಿಗಿದು ವಿಡಿಯೋ ತೆಗೆದೆ. ನೂರಾರು ಫ್ರೇಮ್‌ಗಳಲ್ಲಿ ಅಲುಗದವನ್ನು ಆರಿಸಿ, ಒಂದರ ಮೇಲೊಂದು ಕೂಡಿಸಿದರೆ ಒಂದು ಒಳ್ಳೆಯ ಚಿತ್ರ. ಈಗ ಆರಿಸುತ್ತ ಕೂತಿದ್ದೇನೆ. ನೆರಳಿನ ಗೆರೆ ಚೆನ್ನಾಗಿ ಬಂದಿದೆ. ತೋರಿಸೋಣವೆಂದರೆ ಅವನು ಗೋಡೆ ಕಡೆ ತಿರುಗಿ ಮಲಗಿದ್ದಾನೆ.

ವಿಡಿಯೋದಲ್ಲಿ ಮಂಡಕ್ಕಿ ಅಗಿಯುವ ಸದ್ದೂ ಸೇರಿಕೊಂಡಿದೆ. ಒಂದೇ ಬಾಯಿಯ ಸದ್ದು.