ಕೂತಿರೋರ ಸಾಮಾನು

ಶಿಡ್ಲಘಟ್ಟ
27 ಆಗಸ್ಟ್ 2025, ಬುಧವಾರ

ಪ್ರೀತಿಯ ಹರಿಣಿ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಕೊಂಡಿರ್ತೀಯ, ಬೈಕೋ. ಜೂನ್‌ನಲ್ಲಿ ನನ್ನನ್ನು ಮುಖ್ಯ ಶಿಕ್ಷಕಿ ಮಾಡಿದ ಮೇಲೆ ಬರೆಯೋದು ಅಂದರೆ ಸುತ್ತೋಲೆಗೆ ಉತ್ತರ, ಮೇಲಿನವರಿಗೆ ವರದಿ, ಇಷ್ಟೇ ಆಗಿಬಿಟ್ಟಿದೆ. ಇವತ್ತು ಗಣೇಶನ ಹಬ್ಬದ ರಜೆ. ನಿಮ್ಮ ಮನೆಯಲ್ಲಿ ಕಡುಬಿನ ಗಲಾಟೆ ನಡೆದಿರುತ್ತೆ. ನಮ್ಮ ಮನೆಯಲ್ಲಿ ಮಗಳು ಇಫ್ರಾ ಇನ್ನೂ ಹೊದ್ದು ಮಲಗಿದ್ದಾಳೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೇಳೇ, ಹೇಳೇ" ಅಂತ ಅವಸರ ಮಾಡ್ತೀಯ, ನಾನು ಅರ್ಧ ನುಂಗಿಬಿಡ್ತೀನಿ.

ಗೌರಿಬಿದನೂರಿನಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಮಗಳು ಹರಿತಾಗೆ ಹಾಸ್ಟೆಲ್ ಊಟ ಒಗ್ಗಿತಾ? ನಿಮ್ಮಮ್ಮ ಅನಸೂಯಮ್ಮನವರ ಮಂಡಿನೋವು ಕಡಮೆಯಾಯಿತಾ? ಅಪ್ಪ ಅಮ್ಮನ ಮದುವೆಗೆ ನಲವತ್ತೈದು ವರ್ಷ ತುಂಬುತ್ತೆ, ಏನು ಕೊಡಲಿ ಅಂದರೂ "ನಮಗ್ಯಾಕಮ್ಮ ಈಗ" ಅಂತಾರೆ, ನಿನಗೇನಾದರೂ ಹೊಳೆಯುತ್ತಾ ಅಂತ ನೀನು ಕಾಗದದಲ್ಲಿ ಕೇಳಿದ್ದೆ. ಅದನ್ನು ಓದಿ ನಕ್ಕೆ ಕಣೇ. ಈ ವಿಷಯದಲ್ಲಿ ನನ್ನಷ್ಟು ಸೋತವಳು ಈ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ನಮ್ಮ ಅಬ್ಬಾ ಅಮ್ಮಿ ಒಂಟಿಯಾಗೇನೂ ಇಲ್ಲ, ನಿನಗೇ ಗೊತ್ತು. ತಮ್ಮ ನೂಮಾನ್, ಅವನ ಹೆಂಡತಿ, ಮಕ್ಕಳು ಎಲ್ಲ ಜೊತೆಗಿದ್ದಾರೆ. ನಾನು ಎರಡು ಬೀದಿ ಆಚೆ. ಊಟಕ್ಕೆ, ಔಷಧಿಗೆ, ಮಾತಿಗೆ ಕೊರತೆಯಿಲ್ಲ. ಅದೇ ಕಷ್ಟ. ಏನಾದರೂ ಇಲ್ಲದವರಿಗೆ ತಂದುಕೊಡೋದು ಸುಲಭ.

ರಂಜಾನ್‌ಗೆ ಅಬ್ಬಾಗೆ ಒಳ್ಳೆಯ ಮೆತ್ತನೆ ಚಪ್ಪಲಿ ತಂದೆ. ಎರಡು ದಿನ ಮನೆಯೊಳಗೆ ಹಾಕಿಕೊಂಡು ಓಡಾಡಿ, ಮೂರನೆಯ ದಿನ ಮಸೀದಿಯಲ್ಲಿ ಬಾಂಗ್ ಕೂಗುವವರಿಗೆ ಕೊಟ್ಟು ಬಂದರು. "ಅವರ ಕಾಲಿಗೆ ಸರಿಯಾಗಿ ಆಯ್ತು" ಅಂದರು, ಏನೋ ನನಗೇ ಒಳ್ಳೆಯದಾದ ಹಾಗೆ. ಅಮ್ಮಿಗೆ ತಂದ ಸೀರೆ ಇಫ್ರಾಳ ಮದುವೆಗೆ ಅಂತ ಪೆಟ್ಟಿಗೆ ಸೇರಿತು. ಇಫ್ರಾ ಇನ್ನೂ ಎಂಟನೇ ಕ್ಲಾಸು. ಉಣ್ಣೆ ಶಾಲು ಪಕ್ಕದ ಮನೆ ಅಮ್ಮಾಜಮ್ಮನ ಹೆಗಲ ಮೇಲೆ ಕಾಣಿಸಿತು. ಬಡ್ತಿ ಬಂದ ಖುಷಿಗೆ ಜೂನ್‌ನಲ್ಲಿ ಕಾಲು ಒತ್ತುವ ಮೆಷಿನ್ ತಂದೆ, ಹಿಂದೆ ಒರಗಿಕೊಳ್ಳುವ ಕುರ್ಚಿಯನ್ನೂ ತಂದೆ. ಮೆಷಿನ್ ಡಬ್ಬಿಯಿಂದ ಹೊರಗೇ ಬರಲಿಲ್ಲ. ಕುರ್ಚಿಯ ಮೇಲೆ ಒಗೆದ ಬಟ್ಟೆ ಪೇರಿಸಿದ್ದರು.

ಆ ಬಟ್ಟೆ ನೋಡಿದ ದಿನ ನನಗೆ ತಡೆಯಲಾಗಲಿಲ್ಲ. "ನನ್ನ ಕೈಯಿಂದ ಏನೂ ತಗೋಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದೀರಾ?" ಅಂತ ಜೋರಾಗೇ ಕೇಳಿದೆ. ಅಬ್ಬಾ ಎದ್ದು ಹೊರಗೆ ಹೋದರು. ಅಮ್ಮಿ ಅಕ್ಕಿ ಆರಿಸುತ್ತಾ ಕೂತಿದ್ದವರು ತಲೆ ಎತ್ತದೆ ಹೇಳಿದರು. ಹೇಳಿದ್ದು ಉರ್ದುವಿನಲ್ಲಿ, ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ:

"ನೋಡಮ್ಮ, ನೀನು ತರೋದೆಲ್ಲಾ ಕೂತಿರೋರ ಸಾಮಾನು. ಕುರ್ಚಿ, ಶಾಲು, ಕಾಲು ಒತ್ತೋದು. ನಾವು ಕೂತೇ ಇದ್ದೀವಲ್ಲ. ಇನ್ನೂ ಎಷ್ಟು ಕೂರೋದು?"

ಮನೆಗೆ ಬಂದು ಅಡುಗೆ ಮಾಡುವಾಗಲೂ ಅದೇ ಮಾತು ಕಿವಿಯಲ್ಲಿತ್ತು. ಹನ್ನೆರಡು ವರ್ಷದ ಹಿಂದಿನವರೆಗೂ ಆ ಇಬ್ಬರೂ ಕೂತು ಸುಮ್ಮನಿದ್ದದ್ದನ್ನು ನಾನು ನೋಡಿದವಳಲ್ಲ. ನಮ್ಮ ಹಿತ್ತಲಿನ ಶೆಡ್ಡು ನಿನಗೆ ನೆನಪಿರಬೇಕು. ಅಮ್ಮಿ ಕುದಿಯುವ ನೀರಿನ ಮುಂದೆ ಕೂತು ರೇಷ್ಮೆಗೂಡಿನ ಎಳೆ ಹಿಡಿಯೋದು, ಅಬ್ಬಾ ಪಕ್ಕದಲ್ಲಿ ಚರಕ ತಿರುಗಿಸೋದು. ಬೆಳಗ್ಗೆ ಮಾರ್ಕೆಟ್‌ನಲ್ಲಿ ಗೂಡು ಹಿಡಿದರೆ ಸಂಜೆಯೊಳಗೆ ನೂಲು. ಅಮ್ಮಿಯ ಬೆರಳು ಬೆಂದು ಸಿಪ್ಪೆ ಏಳುತ್ತಿತ್ತು, ಅಬ್ಬಾಗೆ ಹೊಗೆಗೆ ಕೆಮ್ಮು. ಅದಕ್ಕೇ ನಿಲ್ಲಿಸಿದೆವು ಅಂತ ಆಗ ನಿನಗೆ ಬರೆದಿದ್ದೆ.

ಇದಾಗಿ ಎರಡು ವಾರಕ್ಕೆ ಶಾಲೆಯಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಶಾಲೆ ಇರೋದು ಜಂಗಮಕೋಟೆಯಿಂದ ಸ್ವಲ್ಪ ಒಳಗೆ, ಸುತ್ತ ಹಿಪ್ಪುನೇರಳೆ ತೋಟ. ಬರುವ ಮಕ್ಕಳೆಲ್ಲ ಹುಳು ಸಾಕುವ ಮನೆಯವರು. ಏಳನೇ ಕ್ಲಾಸಿಗೆ ನೂಲು, ಬಟ್ಟೆಯ ಪಾಠ ಮಾಡುತ್ತಿದ್ದೆ. ಹುಳು ಎಷ್ಟು ಸಲ ಜ್ವರ ಬಂದು ಪೊರೆ ಬಿಟ್ಟು ಏಳುತ್ತೆ, ಯಾವಾಗ ಹಣ್ಣಾಗಿ ಗೂಡು ಕಟ್ಟುತ್ತೆ, ಎಲ್ಲ ಅವರೇ ನನಗೆ ಹೇಳಿಕೊಟ್ಟರು. ಗೂಡಿನಿಂದ ನೂಲು ತೆಗೆಯೋದು ಯಾರು ನೋಡಿದ್ದೀರಿ ಅಂದೆ. ಒಂದು ಕೈಯೂ ಮೇಲೇಳಲಿಲ್ಲ. ಒಬ್ಬ ಹುಡುಗಿ ಎದ್ದು, "ಮಿಸ್, ಗೂಡು ಮಾರ್ಕೆಟ್‌ಗೆ ಹೋಗುತ್ತೆ. ಆಮೇಲೆ ನಮ್ಮದಲ್ಲ" ಅಂದಳು.

ಸಂಜೆ ಬಸ್ಸಿಳಿದವಳು ಸೀದಾ ಅಬ್ಬಾನ ಹತ್ತಿರ ಹೋದೆ. "ಅಬ್ಬಾ, ನನಗೊಂದು ಉಪಕಾರ ಆಗಬೇಕು" ಅಂದೆ. ಹರಿಣಿ, ಎಷ್ಟೋ ವರ್ಷದಲ್ಲಿ ನಾನು ಅವರನ್ನು ಏನೂ ಕೇಳಿರಲಿಲ್ಲ ಅಂತ ಆ ಮಾತು ಬಾಯಿಂದ ಬಂದಾಗಲೇ ಗೊತ್ತಾದದ್ದು. ಅಬ್ಬಾ ಪೂರ್ತಿ ಕೇಳಿಸಿಕೊಂಡು, "ಈಗ ಎಲ್ಲಾ ಮೆಷಿನ್ನು. ಆ ಹಳೇ ಚರಕ ತಗೊಂಡು ಹೋಗಿ ಮಕ್ಕಳ ಮುಂದೆ ನಗೆಪಾಟಲಾಗೋದು ಬೇಡ" ಅಂದರು. ಆದರೆ ಒಳಗಿನಿಂದ ಅಮ್ಮಿ, "ಚಕ್ರದ ಎರಡು ಕಡ್ಡಿ ಮುರಿದಿದೆ. ಹಗ್ಗ ಹೊಸದು ಬೇಕು. ಪಾತ್ರೆ ಇಲ್ಲ, ಅದರಲ್ಲಿ ನೂಮಾನ್ ಹೆಂಡತಿ ಗಿಡ ಹಾಕಿಬಿಟ್ಟಿದ್ದಾಳೆ" ಅಂದರು. ಅಬ್ಬಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಆ ಭಾನುವಾರ ಅಬ್ಬಾನ ಜೊತೆ ಪೇಟೆಗೆ ಹೋದೆ. ಹಗ್ಗಕ್ಕೆ ಮೂರು ಅಂಗಡಿ ಹತ್ತಿ ಇಳಿದರು. ಎಳೆದು, ತಿರುಚಿ, ಮೂಸಿ ನೋಡಿ "ಇದು ಕುರಿ ಕಟ್ಟೋಕೆ" ಅಂತ ವಾಪಸ್ ಇಟ್ಟರು. ಪಾತ್ರೆ ಅಂಗಡಿಯವನಿಗೆ ತಳ ಎಷ್ಟು ದಪ್ಪ ಇರಬೇಕು ಅಂತ ಪಾಠ ಹೇಳಿದರು. ನಾನು ಕೊಡಿಸಿದ ಯಾವ ಸಾಮಾನನ್ನೂ ಅವರು ಹಾಗೆ ತಿರುಗಿಸಿ ಮುರುಗಿಸಿ ನೋಡಿರಲಿಲ್ಲ. ನಾಲ್ಕು ದಿನ ಹಿತ್ತಲಿನಲ್ಲಿ ಕುಟ್ಟುವ ಸದ್ದು. ಇದೇನಕ್ಕಾ ಹೊಸ ಕಾಟ ಅಂತ ನೂಮಾನ್ ನನಗೆ ಫೋನ್ ಮಾಡಿದವನು, ಕೊನೆಗೆ ತಾನೇ ಅಬ್ಬಾಗೆ ಕೈ ಜೋಡಿಸಿದನಂತೆ.

ಮೊನ್ನೆ ಶನಿವಾರ ಚರಕವನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಶಾಲೆಗೆ ಹೋದೆವು. ಗೂಡು ಕೊಟ್ಟವರು ಮುನಿಶಾಮಪ್ಪ ಅಂತ, ನಮ್ಮ ಒಬ್ಬ ವಿದ್ಯಾರ್ಥಿನಿಯ ತಾತ. ಅವರೂ ಬಂದು ಬೇವಿನಮರದ ಕೆಳಗೆ ಮಕ್ಕಳ ಜೊತೆ ಕೂತರು. ಅಬ್ಬಾ ಇಟ್ಟಿಗೆ ಜೋಡಿಸಿ ಒಲೆ ಹೂಡಿದರು. ನೀರು ಕಾಯಿತು. ಅಮ್ಮಿ ಗೂಡು ಸುರಿದು, ಪೊರಕೆಕಡ್ಡಿಯಿಂದ ಮೆಲ್ಲಗೆ ತಟ್ಟಿದರು. ಹನ್ನೆರಡು ವರ್ಷ ಆಯಿತು, ಬೆರಳಿಗೆ ಎಳೆ ಸಿಗುತ್ತೋ ಇಲ್ಲವೋ ಅಂತ ಅವರ ಕೈಯನ್ನೇ ನೋಡುತ್ತಾ ನಿಂತೆ. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಅಮ್ಮಿ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡರು. ಮೂರನೇ ಸಲಕ್ಕೆ ಬೆರಳ ತುದಿಯಲ್ಲಿ ಏಳೆಂಟು ಎಳೆ ಒಟ್ಟಿಗೆ ಎದ್ದು ಬಂದವು, ಬಿಸಿಲಿಗೆ ಮಿಂಚುತ್ತಾ. ಅಬ್ಬಾ ಚಕ್ರ ತಿರುಗಿಸಿದರು. ಮಕ್ಕಳೆಲ್ಲ ಮಂಡಿಯೂರಿ ಹತ್ತಿರ ಸರಿದು ಬಂದರು ಕಣೇ.

ಒಂದು ಗೂಡಲ್ಲಿ ಎಷ್ಟು ಉದ್ದ ನೂಲಿರುತ್ತೆ ಅಂತ ಒಬ್ಬಳು ಕೇಳಿದಳು. "ಇಲ್ಲಿಂದ ನಿಮ್ಮ ಬಸ್ ಸ್ಟಾಪ್‌ಗೆ ಹೋಗಿ, ಮರೆತುಬಂದ ಚೀಲಕ್ಕೆ ವಾಪಸ್ ಬರೋವಷ್ಟು" ಅಂದರು ಅಬ್ಬಾ. ಮಕ್ಕಳು ನಕ್ಕರು. ನಮ್ಮ ಅಬ್ಬಾಗೆ ಇಷ್ಟು ಮಾತು ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ.

ಮುನಿಶಾಮಪ್ಪ ಆ ನೂಲಿನ ಲಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಏಂ ಸಾಬೂ, ನಲವತ್ತು ವರ್ಷ ಗೂಡು ಬೆಳೆದಿದೀನಿ. ಹತ್ತಿರ ಕೂತು ಇದನ್ನ ನೋಡಿರಲಿಲ್ಲ" ಅಂದರು. ಅಬ್ಬಾ, "ನಾನೂ ನಲವತ್ತು ವರ್ಷ ನೂಲು ತೆಗೆದೆ. ಹುಳ ಮೇಯೋದನ್ನ ಹತ್ತಿರದಿಂದ ನೋಡಿಲ್ಲ" ಅಂದರು. ಮುನಿಶಾಮಪ್ಪ ಅಲ್ಲಿಂದಲೇ ಇಬ್ಬರನ್ನೂ ಹುಳುಮನೆಗೆ ಕರೆದುಕೊಂಡು ಹೋದರು. ಸೊಪ್ಪು ಹಾಕಿದಾಗ ಮಳೆ ಬಂದ ಹಾಗೆ ಸದ್ದಾಗುತ್ತೆ ಅಂತ ಅಮ್ಮಿ ಆಮೇಲೆ ದಾರಿಯಲ್ಲಿ ಮತ್ತೆ ಮತ್ತೆ ಹೇಳಿದರು.

ಚಿಂತಾಮಣಿ ಕಡೆಯ ಒಂದು ಶಾಲೆಯಿಂದಲೂ ಈಗ ಕೇಳಿದ್ದಾರೆ. ಅಬ್ಬಾ "ನೋಡೋಣ" ಅಂತ ಬಿಗುವಾಗಿ ಹೇಳಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಕುರ್ಚಿಯನ್ನೂ ಹಿತ್ತಲಿಗೆ ಹಾಕಿಸಿಕೊಂಡಿದ್ದಾರೆ. ಕೆಲಸದ ನಡುವೆ ಹತ್ತು ನಿಮಿಷ ಒರಗೋಕೆ ಚೆನ್ನಾಗಿದೆಯಂತೆ.

ನಿನ್ನ ಅಪ್ಪ ಅಮ್ಮನಿಗೆ ಏನು ಕೊಡಬೇಕು ಅಂತ ನನಗೆ ಗೊತ್ತಿಲ್ಲ. ಏನಾದರೂ ಕೇಳಿ ನೋಡು. ಅವರಿಗೆ ಬರುವಂಥದ್ದು, ನಿನಗೆ ನಿಜವಾಗಿ ಬೇಕಾದದ್ದು. ಸುಮ್ಮನೆ ನಾಟಕಕ್ಕೆ ಕೇಳಿದರೆ ಗೊತ್ತಾಗಿಬಿಡುತ್ತೆ ಅವರಿಗೆ.

ಹರಿತಾ ಚೆನ್ನಾಗಿ ಓದಲಿ, ಹೊಟ್ಟೆ ತುಂಬ ಉಣ್ಣಲಿ. ನಿನ್ನ ಮನೆಯಲ್ಲಿ ನಗು ಇರಲಿ. ಹಿರಿಯರಿಬ್ಬರಿಗೂ ನನ್ನ ಸಲಾಮು ತಲುಪಿಸು, ಅವರ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಸಾಬ್ರೀನ್

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಚರಕ ನಿಲ್ಲಿಸಿದ್ದು ಅಮ್ಮಿಯ ಬೆರಳಿಗೆ ಅಂತ ಬರೆದೆನಲ್ಲ, ಅದು ಸುಳ್ಳು. ನನಗೆ ಕೆಲಸ ಸಿಕ್ಕಿದ ವರ್ಷ ನಮ್ಮ ಶಾಲೆಯ ಟೀಚರುಗಳು ಹಬ್ಬಕ್ಕೆ ಅಮ್ಮಿಯ ಮನೆಗೆ ಬರುತ್ತೀವಿ ಅಂದಿದ್ದರು. ಬೆಂದ ಹುಳುವಿನ ಆ ವಾಸನೆ ಅವರ ಮೂಗಿಗೆ ಬೀಳಬಾರದಿತ್ತು ನನಗೆ. ಮೊದಲ ಸಂಬಳ ಅಬ್ಬಾನ ಕೈಗಿಟ್ಟು, "ಇನ್ನು ನಿಮ್ಮಿಬ್ಬರಿಗೂ ವಿಶ್ರಾಂತಿ, ಇದು ನನ್ನ ಕಾಣಿಕೆ" ಅಂದೆ. ಎಂಟು ದಿನದಲ್ಲಿ ಚರಕ ಮೂಲೆಗೆ ಸರಿಸಿ ಶೆಡ್ಡು ಖಾಲಿ ಮಾಡಿದರು. ಎಂಥಾ ಮಗಳು ಅಂತ ಊರೆಲ್ಲ ಹೊಗಳಿತು, ನೀನೂ ಹೊಗಳಿದ್ದೆ.

ಶನಿವಾರ ವಾಪಸ್ ಬರುವಾಗ ಆಟೋದಲ್ಲಿ ಇದನ್ನು ಇಬ್ಬರಿಗೂ ಹೇಳಿಬಿಟ್ಟೆ. ಅಬ್ಬಾ ರಸ್ತೆ ನೋಡುತ್ತಾ, "ಗೊತ್ತಿತ್ತಮ್ಮ" ಅಂದರು. ಅಮ್ಮಿ ನನ್ನ ಕೈ ಹಿಡಿದುಕೊಂಡರು. "ಮಗಳು ಮೊದಲನೇ ಸಲ ಏನೋ ಕೊಡ್ತಾ ಇದಾಳೆ, ಬೇಡ ಅನ್ನೋದು ಹೇಗೆ? ತಗೊಂಡ್ವಿ. ಅದಾದ ಮೇಲೆ ನೀನು ಏನು ತಂದರೂ, ಈ ಸಲ ಏನು ಬಿಡಬೇಕೋ ಅಂತ ನಮ್ಮಿಬ್ಬರಿಗೂ ಭಯ ಕಣೇ" ಅಂದರು. ನಾನು ಅಳೋದು ನಿಲ್ಲೋವರೆಗೂ ಕಾದು, ಮುನಿಶಾಮಪ್ಪನ ಗೂಡು ಇನ್ನೆರಡು ದಿನ ಒಣಗಬೇಕಿತ್ತು, ಬರೋ ಶನಿವಾರಕ್ಕೆ ಒಣಗಿದ್ದೇ ಬೇಕು ಅಂತ ಅವರಿಗೆ ಈಗಲೇ ಹೇಳಿಡು ಅಂದರು.