ನನ್ನ ಮಾವನಿಗೆ ಇಲ್ಲದ ಮಗಳು

ಮಾನ್ಯ ಶಿರಸ್ತೇದಾರರೇ,

ನನ್ನ ಮಾವನಿಗೆ ಮಗಳಿರಲಿಲ್ಲ. ಅವರು ಮದುವೆಯನ್ನೇ ಆಗಿರಲಿಲ್ಲ. ಇಷ್ಟನ್ನು ನಿಮ್ಮ ಜಿಲ್ಲಾ ನ್ಯಾಯಾಲಯದ ಕಚೇರಿಗೆ ತಿಳಿಸಲು ಹೋಗಿ, ಕಳೆದ ಮಳೆಗಾಲದಿಂದ ಈ ಬೇಸಗೆಯವರೆಗೆ ನಿಮ್ಮ ವರಾಂಡದ ಬೆಂಚು ಸವೆಸಿದವನು ನಾನು. ಬಾಯಲ್ಲಿ ಹೇಳಿದೆ, ವಕೀಲರಿಂದ ಹೇಳಿಸಿದೆ, ಅರ್ಜಿ ಕೊಟ್ಟೆ. ಯಾವುದೂ ನಾಟದ ಕಾರಣ, ನಾಲ್ಕು ಜನರಾದರೂ ಓದಲಿ ಎಂದು ಮದ್ರಾಸಿನ ಕನ್ನಡಿಗರ ಈ ಮಾಸಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬರುವುದಿಲ್ಲವೆಂದು ಬಲ್ಲೆ. ನಿಮ್ಮ ಭಾಷಾಂತರಕಾರರು ಇದನ್ನೂ ಇಂಗ್ಲಿಷಿಗೆ ತಿರುಗಿಸಿ ನಿಮ್ಮ ಮೇಜಿನ ಮೇಲಿಡುವರು. ನನ್ನ ಹೆದರಿಕೆಯೆಲ್ಲ ಅಲ್ಲೇ ಇರುವುದು.

ನ್ಯಾಯಾಧೀಶರ ಮೇಲೆ ನನ್ನ ದೂರಿಲ್ಲ. ಅವರ ಮುಂದೆ ಯಾವ ಕಾಗದ ಬರಬೇಕು, ಯಾವುದು ಬರಬಾರದು ಎಂದು ತೀರ್ಮಾನಿಸುವವರು ನೀವು. ಆದ್ದರಿಂದ ನಿಮಗೇ ಹೇಳುತ್ತೇನೆ. ನನ್ನ ಮಾವ ಕಾಂತಪ್ಪನವರು, ಎಂದರೆ ನನ್ನ ತಾಯಿಯ ಒಡಹುಟ್ಟಿದ ಅಣ್ಣ (ಈ ಮಾತಿಗೆ ದಯವಿಟ್ಟು ಅಡಿಗೆರೆ ಹಾಕಿಕೊಳ್ಳಿ), ದಕ್ಷಿಣ ಕನ್ನಡದಿಂದ ಬಂದು ಪಲ್ಲಾವರಂ ಸಂತೆಯ ಬೀದಿಯಲ್ಲಿ ಕಾಫಿ-ತಿಂಡಿಯ ಹೋಟೆಲು ಹಾಕಿದರು. ನನ್ನ ತಂದೆ ತೀರಿಕೊಂಡಾಗ ಅಮ್ಮನನ್ನೂ ನನ್ನನ್ನೂ ಊರಿನಿಂದ ಕರೆತಂದು ಸಾಕಿದರು. ಮದುವೆಯ ಮಾತೆತ್ತಿದವರಿಗೆ, "ನನಗೆ ಎಂತಕ್ಕೆ ಮಾರಾಯ್ರೇ ಮದುವೆ? ತಂಗಿ ಉಂಟು, ಅಳಿಯ ಉಂಟು. ಇನ್ನು ಬರುವವಳು ಕೂತ್ಕೊಳ್ಳುದು ಎಲ್ಲಿ?" ಎಂದು ನಗುತ್ತಿದ್ದರು. ಆ ನಗೆಯ ಹಿಂದೆ ಏನಿತ್ತೋ ನಾವು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಕೊನೆಗಾಲದಲ್ಲಿ ನಮ್ಮ ವೆಸ್ಟ್ ಮಾಂಬಲಂ ಮನೆಯಲ್ಲಿ ಮಲಗಿದ್ದಾಗ ಅವರು ಉಯಿಲು ಬರೆದರು. ತಮಗೆ ಬರೆಯಲು ಬರುತ್ತಿದ್ದ ಒಂದೇ ಭಾಷೆಯಲ್ಲಿ, ಕನ್ನಡದಲ್ಲಿ: "ನನ್ನ ಹೋಟೆಲು ನನ್ನ ಅಳಿಯ ಶೀನನಿಗೆ ಸೇರತಕ್ಕದ್ದು." ನಮ್ಮ ಕಡೆ ಅಳಿಯಸಂತಾನದ ಕಟ್ಟು. ಗಂಡಸಿನ ಆಸ್ತಿಗೆ ಅವನ ಅಕ್ಕತಂಗಿಯರ ಮಕ್ಕಳು ವಾರಸುದಾರರು. ಆ ತಂಗಿಯ ಮಗನನ್ನು ಅಳಿಯ ಎನ್ನುತ್ತೇವೆ. ಮಗಳ ಗಂಡನನ್ನೂ ಅಳಿಯ ಎನ್ನುತ್ತೇವೆ. ಯಾರು ಯಾವ ಅಳಿಯ ಎಂದು ನಮ್ಮ ಮನೆಗಳಲ್ಲಿ ಯಾರಿಗೂ ಗೊಂದಲವಾದದ್ದಿಲ್ಲ. ಮಾವ ತೀರಿಕೊಂಡ ಮೇಲೆ ಉಯಿಲನ್ನು ಮಂಜೂರಿಗೆಂದು ನಿಮ್ಮ ನ್ಯಾಯಾಲಯಕ್ಕೆ ಕೊಟ್ಟಾಗ ನಿಮ್ಮ ಭಾಷಾಂತರಕಾರರಿಗೂ ಗೊಂದಲವಾಗಲಿಲ್ಲ. ಅವರು ಒಂದು ನಿಮಿಷವೂ ಯೋಚಿಸದೆ "ಸನ್-ಇನ್-ಲಾ" ಎಂದು ಬರೆದು ಸಹಿ ಹಾಕಿದರು. ಅಳಿಯನಿದ್ದ ಮೇಲೆ ಮಗಳಿರಲೇಬೇಕಲ್ಲ? ಉಯಿಲಿನಲ್ಲಿ ಅವಳ ಹೆಸರೇಕಿಲ್ಲ? ಅವಳ ಒಪ್ಪಿಗೆಯೆಲ್ಲಿ? ಹೀಗೆ ನಿಮ್ಮ ಕಚೇರಿಯ ಒಂದು ಕುರ್ಚಿಯ ಮೇಲೆ, ತಾಯಿಯ ನೆರವಿಲ್ಲದೆ, ಒಂದು ಹೆಣ್ಣುಮಗು ಹುಟ್ಟಿತು.

ಆ ಹೆರಿಗೆಗೆ ನಾನೂ ಕೈ ಹಚ್ಚಿದೆ ಎಂಬುದನ್ನು ಒಪ್ಪುತ್ತೇನೆ. ಪ್ರಮಾಣ ಮಾಡಿಸಿ, ಮೃತರು ನಿನಗೇನಾಗಬೇಕು ಎಂದು ಕೇಳಿದಿರಿ. ಹುಟ್ಟಿದಂದಿನಿಂದ ಕರೆದ ಹಾಗೆಯೇ "ಮಾವ" ಎಂದೆ. ಸೋದರಮಾವ ಎನ್ನಬೇಕಿತ್ತು. ಆದರೆ ಸತ್ತವರನ್ನು ನೆನೆಯುವಾಗ ಯಾರು ವ್ಯಾಕರಣ ನೋಡಿಕೊಂಡು ಬಾಯಿ ತೆರೆಯುತ್ತಾರೆ? ಭಾಷಾಂತರಕಾರರು "ಫಾದರ್-ಇನ್-ಲಾ" ಎಂದರು. ಅಲ್ಲಿಗೆ ನಾನೇ ತಪ್ಪೊಪ್ಪಿಕೊಂಡಂತಾಯಿತು.

ಮುಂದಿನದು ನಿಮ್ಮ ಗುಮಾಸ್ತರ ಬುದ್ಧಿವಂತಿಕೆ. ಹಾಗಿದ್ದರೆ ನಿನ್ನ ಹೆಂಡತಿಯೇ ಮೃತರ ಮಗಳು, ಅವಳನ್ನು ಕರೆದುಕೊಂಡು ಬಾ ಎಂದರು. ನನ್ನ ಹೆಂಡತಿ ವಿನೋದಾ ಬಂದು, ತನ್ನ ತಂದೆ ಬಾಬು ಎಂಬವರು ಊರಿನಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾರೆ ಎಂದಳು. ಗುಮಾಸ್ತರು ಪೆನ್ನು ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಅಪ್ಪೋ ಇನ್ನೊರು ಸಂಸಾರಂ ಇರುಕ್ಕಾ ಸಾರ್?" ಎರಡು ಮದುವೆ ಈಗ ಅಪರಾಧ, ಹುಷಾರು ಎಂದೂ ಬುದ್ಧಿ ಹೇಳಿದರು. ರೈಲಿನಲ್ಲಿ ಬರುವಾಗ ವಿನೋದಾ, "ನಿಮ್ಮ ದೊಡ್ಡ ಹೆಂಡತಿಗೆ ಅಡಿಗೆ ಬರ್ತದಾ? ಬಂದರೆ ನಾನು ಸ್ವಲ್ಪ ದಿನ ಅಮ್ಮನ ಮನೆಗೆ ಹೋಗಿ ಬರ್ತೇನೆ" ಎಂದಳು. ನಾವು ನಕ್ಕ ಕೊನೆಯ ದಿನ ಅದು.

ತಮಾಷೆಯೆಂದರೆ, ಅದೇ ಗುಮಾಸ್ತರಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದಾಗ ಅವರ ಮುಖ ಅರಳಿತು. "ಓ, ಮರುಮಗನ್ ದಾನೇ! ತಂಗಚ್ಚಿ ಪಿಳ್ಳೈ!" ಅವರ ತಮಿಳಿನಲ್ಲೂ ಮರುಮಗನ್ ಎಂದರೆ ತಂಗಿಯ ಮಗನೂ ಹೌದು, ಮಗಳ ಗಂಡನೂ ಹೌದು. ಮರುಕ್ಷಣವೇ ಮುಖ ಬಿಗಿದುಕೊಂಡು, "ಆನಾ ರೆಕಾರ್ಡ್‌ಲೆ ಸನ್-ಇನ್-ಲಾ ಸಾರ್" ಎಂದರು. ಬರೆದ ಕನ್ನಡದವರಿಗೆ ಅರ್ಥ ಗೊತ್ತು, ಓದಿದ ತಮಿಳಿನವರಿಗೆ ಅರ್ಥ ಗೊತ್ತು. ಇಬ್ಬರ ಮನೆಯಲ್ಲೂ ಆಡದ ಇಂಗ್ಲಿಷು ಮಾತ್ರ ನಮ್ಮ ನೆಂಟಸ್ತಿಕೆಯನ್ನು ತೀರ್ಮಾನಿಸಬೇಕೆ? ಬ್ರಿಟಿಷರು ಹೋದದ್ದು ನಿಮ್ಮ ಕಚೇರಿಗೆ ಇನ್ನೂ ಟಪಾಲಿನಲ್ಲಿ ತಲುಪಿಲ್ಲವೆ? ಭಾಷಾಂತರ ತಿದ್ದಿಸಲು ಅರ್ಜಿ ಕೊಟ್ಟರೆ ಅದು ಅದೇ ಭಾಷಾಂತರಕಾರರ ಬಳಿಗೆ ಹೋಯಿತು. ಅವರು ನಿಘಂಟು ತೋರಿಸಿ, ತಾವು ಬರೆದದ್ದು ಸರಿಯಾಗಿಯೇ ಇದೆ ಎಂದು ಷರಾ ಬರೆದರು. ಮಗಳು ಇಲ್ಲದಿದ್ದರೆ ಅವಳ ಮರಣಪತ್ರವನ್ನಾದರೂ ತಾ ಎಂದಿರಿ. ಅದನ್ನು ಕೊಡುವವರು ಹುಟ್ಟಿದ ತಾರೀಖು ಕೇಳಿದರು. ಯಾವ ತಾರೀಖು ಹೇಳಲಿ, ನಿಮ್ಮ ಭಾಷಾಂತರದ ತಾರೀಖನ್ನೇ?

ಇಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಉಯಿಲು ಇತ್ಯರ್ಥವಾಗದೆ ಬೀಗ ಬಿದ್ದ ಹೋಟೆಲಿನ ಬಾಗಿಲಿಗೆ ನೀವು ನೋಟೀಸು ಅಂಟಿಸಿದಿರಿ. ಮೃತ ಕಾಂತಪ್ಪನ ಮಗಳು ಎಲ್ಲಿದ್ದರೂ ಬಂದು ತನ್ನ ತಕರಾರು ಹೇಳಿಕೊಳ್ಳಬೇಕು ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದು, ಕೆಳಗೆ ದುಂಡನೆಯ ಮೊಹರು ಹಾಕಿದಿರಿ. ಸಂತೆಯ ಬೀದಿಗೆ ಬೇರೇನು ಬೇಕು? ಮಾವನ ಕೈಯ ಕಾಫಿ ಕುಡಿದವರೆಲ್ಲ, ಬ್ರಹ್ಮಚಾರಿ ಎಂದುಕೊಂಡಿದ್ದೆವಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರ ಹೆಸರಿಗೆ ಇಷ್ಟು ವರ್ಷ ಹತ್ತದ ಮಸಿಯನ್ನು ನಿಮ್ಮ ಮೊಹರು ಹತ್ತಿಸಿತು.

ನನ್ನ ತಾಯಿ ಸುಗುಣಾ ತಮಿಳು ಓದಲಾರರು. ಸಂತೆಗೆ ಹೋದ ದಿನ, ಬಾಗಿಲ ಪಕ್ಕದಲ್ಲಿ ಸೊಪ್ಪು ಮಾರುವ ಕೌಸಲ್ಯಾ ಅದನ್ನು ಓದಿ, "ಉಂಗ ಅಣ್ಣನುಕ್ಕು ಪೊಣ್ಣು ಇರುಂದಾಳಾ ಅಮ್ಮಾ?" ಎಂದು ಕೇಳಿದಳು. ಅಮ್ಮ ಮನೆಗೆ ಬಂದವರು ಊಟಕ್ಕೆ ಏಳಲಿಲ್ಲ. "ಶೀನ, ಅಣ್ಣನಿಗೆ ಮಗಳು ಇದ್ದದ್ದು ಹೌದಾ? ನನ್ನತ್ರ ಒಂದು ಮಾತು ಹೇಳ್ಲಿಲ್ಲವಲ್ಲ" ಎಂದರು. ಇಲ್ಲಮ್ಮ, ಅದು ಒಂದು ಪದದ ಎಡವಟ್ಟು ಎಂದು ನಾನು ಎಷ್ಟೋ ಬಗೆಯಲ್ಲಿ ಹೇಳಿದೆ. ಅವರು ನನ್ನ ಮುಖ ನೋಡದೆ ಹೇಳಿದರು: "ಸರಕಾರದವರು ಸೀಲು ಹಾಕಿ ಸುಳ್ಳು ಬರೀತಾರಾ? ಹೋಟೆಲು ಕೈಬಿಟ್ಟು ಹೋಗ್ತದೆ ಅಂತ ನೀನು ಇಲ್ಲ ಅಂತ ಹೇಳುದು."

ಶಿರಸ್ತೇದಾರರೇ, ಹೆತ್ತ ತಾಯಿಯ ಕಣ್ಣಿನಲ್ಲಿ ನಾನು ಅಣ್ಣನ ಮಗಳ ಪಾಲು ನುಂಗಲು ಹೊರಟವನಾದೆ. ನನಗೆ ಅಳು ಬಂತು. ಸಿಟ್ಟು ಆಮೇಲೆ ಬಂತು.

ಈಗ ಪ್ರತಿ ಸಂತೆಯ ದಿನ ಅಮ್ಮ ಮಾಂಬಲಂನಿಂದ ರೈಲು ಹತ್ತಿ ಪಲ್ಲಾವರಂಗೆ ಹೋಗಿ, ಹೋಟೆಲಿನ ಮುಚ್ಚಿದ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾರೆ. ಹೋಗಿಬರುವ ಹೆಂಗಸರ ಮುಖದಲ್ಲಿ ಅಣ್ಣನ ಮೂಗು ಹುಡುಕುತ್ತಾರೆ. ಚೀಲದಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ತಿಂಡಿ ಇರುತ್ತದೆ. "ಪಾಪ, ಹಸಿದು ಬಂದಾಳು. ಅಣ್ಣನ ಮಗಳು ಬೀದಿಯಲ್ಲಿ ನಿಲ್ಲುದು ಬೇಡ" ಎನ್ನುತ್ತಾರೆ. ಸಂಜೆ ಆ ಕಟ್ಟು ಬಿಚ್ಚದೆ ಮನೆಗೆ ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಉಯಿಲಿನದ್ದಲ್ಲ. ಹೋಟೆಲಿನ ಬೀಗ ಇನ್ನಷ್ಟು ದಿನ ಹಾಗೇ ಇರಲಿ, ತುಕ್ಕು ಹಿಡಿಯಲಿ. ಅದೇ ಬಾಗಿಲಿಗೆ, ಅದೇ ಮೊಹರು ಒತ್ತಿ, ಮೃತ ಕಾಂತಪ್ಪನವರಿಗೆ ಮಗಳಿರಲಿಲ್ಲ ಎಂದು ಇನ್ನೊಂದು ನೋಟೀಸು ಅಂಟಿಸಿ. ಕನ್ನಡದಲ್ಲೂ ಬರೆಸಿ. ನನ್ನ ಮಾತನ್ನು ಅಮ್ಮ ನಂಬುವುದಿಲ್ಲ, ನಿಮ್ಮದನ್ನು ನಂಬುತ್ತಾರೆ. ಅಂಟಿಸಲು ಬರುವವರು ಸಂತೆಯ ದಿನವೇ ಬರಲಿ. ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿರುತ್ತಾರೆ, ಅವರಿಗೆ ಓದಿ ಹೇಳಿ, ಆ ತಿಂಡಿಯನ್ನು ಅವರೇ ತಿನ್ನುವಂತೆ ಹೇಳಲಿ.

ಇಂತಿ,
ಹುಟ್ಟದ ಹೆಣ್ಣಿನ ಗಂಡನೆಂದು ತಮ್ಮ ಕಡತದಲ್ಲಿರುವ,
ಕಾಂತಪ್ಪನವರ ತಂಗಿಯ ಮಗ
ಶೀನ
ವೆಸ್ಟ್ ಮಾಂಬಲಂ, ಮದ್ರಾಸು, ೧೯೬೧