ದೀಪದ ಕಂಬದ ತನಕ, ಸ್ವಂತ ಇಂಜಿನ್ನಿನಲ್ಲಿ

ಜೂನ್ 3, ಬೆಳಿಗ್ಗೆ 6.20

ದೋಣಿಯ ತಳದಲ್ಲಿ ಎರಡು ಬೆರಳು ನೀರು. ನಿನ್ನೆಯಷ್ಟೇ. ಕಟ್ಟಿದ ಹಗ್ಗ ನಾಲ್ಕೂ ಸರಿ. ಕಾಫಿ. ಕೆಟ್ಟ ಇಂಜಿನ್ನನ್ನು ಎತ್ತಿ ತೆಗೆಯಲು ಅದರ ನಾಲ್ಕು ಬೋಲ್ಟುಗಳಿಗೆ ಮತ್ತೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ — ಇಂದಿಗೆ ಐದನೇ ದಿನ. ಮೂರು ಸಡಿಲವಾಗಿವೆ. ಹಿಂದಿನ ಎಡಗಡೆಯದು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ತಲೆ ಮುರಿದರೆ? ಮುರಿದರೆ ಕೊರೆಯಬೇಕು. ಕೊರೆಯಲು ಅಲ್ಲಿ ಕೈಯೇ ಹೋಗುವುದಿಲ್ಲ.

ಬಂದರಿನ ಕಾಗದವನ್ನು ಒಲೆಯ ಮೇಲಿನ ಹಲಗೆಗೆ ಅಂಟಿಸಿದ್ದೇನೆ, ಮರೆಯಬಾರದೆಂದು. ಮರೆತರೆ ತಾನೇ. ಜೂನ್ 30ರೊಳಗೆ ದೋಣಿ ಸ್ವಂತ ಇಂಜಿನ್ನಿನಲ್ಲಿ, ಅಲೆ ತಡೆಯುವ ಕಲ್ಲುಗೋಡೆಯ ತುದಿಯ ದೀಪದ ಕಂಬದ ತನಕ ಹೋಗಿ ಬರಬೇಕು. ಇಲ್ಲವಾದರೆ ಜಾಗ ಖಾಲಿ ಮಾಡಬೇಕು. ಈ ಆಲ್ಡರ್ ಕೋವ್ ಬಂದರಿನಲ್ಲಿ ದೋಣಿಯಲ್ಲೇ ವಾಸ ಮಾಡುವವರಿಗೆ ಇರುವುದು ಹನ್ನೊಂದೇ ಜಾಗ. ಕಾಯುವವರ ಪಟ್ಟಿ ಎರಡು ಹಾಳೆ. ನನಗೆ ಬೇರೆ ಮನೆ ಇಲ್ಲ.

ಬಂದರಿನ ಮ್ಯಾನೇಜರ್ ಪ್ರೂಯಿಟ್ ಅವರನ್ನು ಕೇಳಿ ನೋಡಿದೆ.

"ಹಾಯಿ ಬಿಚ್ಕೊಂಡು ಹೋಗಿ ಬಂದ್ರೆ ನಡಿಯಲ್ವಾ? ಹಾಯಿದೋಣಿ ತಾನೇ ಇದು?"

"ಬಂದರಿನೊಳಗೆ ಹಾಯಿ ಬಿಚ್ಚೋ ಹಾಗಿಲ್ಲ ಅಂತ ಇನ್ನೊಂದು ನಿಯಮ ಇದೆ ವೆಂಡೆಲ್. ಅದನ್ನೂ ನಾನೇ ಬರ್ದಿದ್ದು."

ಜೂನ್ 5

ಎಡಗಡೆಯ ಬೋಲ್ಟು ಬಿಟ್ಟಿತು! ಪಕ್ಕದ ಡೊರೀನ್ ಬಂದು ಪಾನಾದ ಹಿಡಿಗೆ ನಾಲ್ಕಡಿ ಪೈಪು ತೂರಿಸಿ ಒಮ್ಮೆ ಕೂತೇಬಿಟ್ಟಳು. ಅವಳ ಮನೆಯೂ ದೋಣಿಯೇ, ಹಡಗು ಎಳೆಯುವ ಹಳೇ ಟಗ್ಗು. ಮೂವತ್ತೊಂದು ವರ್ಷ ಟಗ್ಗುಗಳ ಇಂಜಿನ್ ಕೋಣೆಯಲ್ಲಿ ದುಡಿದವಳು.

"ಇಂಜಿನ್ನಿಗೆ ಅಷ್ಟೊಂದು ಹೆದರ್ತೀಯಲ್ಲ ಮಾರಾಯಾ, ಅದಕ್ಕೆ ನಿನ್ನ ಹೆಸರೂ ಗೊತ್ತಿಲ್ಲ."

ಎಲ್ಲರೂ ನನ್ನನ್ನು ಮೂರುಸಲದ ವೆಂಡೆಲ್ ಎನ್ನುತ್ತಾರೆ, ಎಲ್ಲವನ್ನೂ ಮೂರು ಸಲ ನೋಡುತ್ತೇನೆಂದು. ಅನ್ನಲಿ. ಎರಡು ಬೇಸಿಗೆಯ ಹಿಂದೆ ಒಂದೇ ಒಂದು ಸಲ ನೋಡದೆ ಬಿಟ್ಟೆ. ಕಡಲ ನೀರು ಒಳಗೆ ಬರುವ ಕವಾಟ ಮುಚ್ಚಿತ್ತು. ತಣ್ಣೀರಿಲ್ಲದೆ ಪಂಪಿನ ರಬ್ಬರು ಕರಗಿತು. ಇಂಜಿನ್ ಕಾದು ಬಿರುಕು ಬಿಟ್ಟಿತು. ಅದರಿಂದಲೇ ಇಷ್ಟೆಲ್ಲ.

ಜೂನ್ 8, ಮಧ್ಯಾಹ್ನ 1.10, ಭರತ

ಹೊರಗೆ ಬಂತು. ಹಾಯಿ ಕಟ್ಟುವ ಅಡ್ಡಮರಕ್ಕೆ ಚೈನು ರಾಟೆ ತೂಗುಹಾಕಿ, ಅಡ್ಡಮರದ ತುದಿಗೆ ಹಾಯಿಕಂಬದ ನೆತ್ತಿಯಿಂದ ಎರಡು ಹಗ್ಗದ ಆಧಾರ ಕೊಟ್ಟು, ಒಂದೊಂದೇ ಕೊಂಡಿ ಎಳೆದೆವು. ಇನ್ನೂರು ಕಿಲೋ ನನ್ನ ಒಲೆಯ ಮೇಲೆ, ನನ್ನ ಹಾಸಿಗೆಯ ಮೇಲೆ ತೂಗುತ್ತಿತ್ತು... ಅಡ್ಡಮರವನ್ನು ಪಕ್ಕಕ್ಕೆ ತಿರುಗಿಸಿದಾಗ ದೋಣಿಯೂ ಇಂಜಿನ್ನಿನ ಜೊತೆ ವಾಲಿತು. ಕಣ್ಣು ಮುಚ್ಚಿದೆ.

"ಕಣ್ಣು ಬಿಡು, ನೀನೇ ಹಗ್ಗ ಹಿಡ್ದಿರೋದು!" ಡೊರೀನ್ ಚೀರಿದಳು.

ತೇಲುಕಟ್ಟೆಯ ಮೇಲಿನ ಕೈಗಾಡಿಗೆ ಇಳಿಸಿದೆವು. ಭರತವಿದ್ದುದರಿಂದ ದಡಕ್ಕೆ ಹೋಗುವ ಸೇತುವೆ ಮಟ್ಟಸವಾಗಿತ್ತು. ಇಳಿತದಲ್ಲಾದರೆ ಅದು ಏಣಿಯ ಹಾಗೆ ನಿಂತಿರುತ್ತದೆ. ಇಪ್ಪತ್ತು ನಿಮಿಷದೊಳಗೆ ದಾಟಿಸಿದೆವು. ತಿರುಗಿ ನೋಡಿದರೆ ದೋಣಿಯ ಹಿಂಭಾಗ ಮೂರು ಬೆರಳು ಮೇಲೆ ಬಂದಿದೆ, ಪಾಚಿಯ ಹಸಿರು ಪಟ್ಟಿ ಬಿಸಿಲಿಗೆ ಬಿದ್ದಿದೆ.

"ಪ್ಯಾಂಟು ಮೇಲೆತ್ಕೊಂಡು ನಿಂತಿದೆ ನೋಡು ನಿನ್ನ ಮನೆ."

ನಕ್ಕೆ. ಆಮೇಲೆ ಹೋಗಿ ಹಗ್ಗಗಳನ್ನು ನೋಡಿದೆ.

ಜೂನ್ 15

ಹೊಸದು ಒಳಗೆ ಕೂತಿದೆ. ಹೊಸದೆಂದರೆ ನಮಗೆ ಹೊಸದು — ಬಂಡೆಗೆ ಬಡಿದು ಒಡೆದ ದೋಣಿಯೊಂದರಿಂದ ಬಿಚ್ಚಿದ್ದು. ಮೂರು ಸಿಲಿಂಡರು. ಕಾಲು ಹೊಂದಲಿಲ್ಲ, ಓಕ್ ಮರದ ಎರಡು ದಿಮ್ಮಿ ಕೆತ್ತಿ, ಅಂಟು ಸುರಿದು, ಮೇಲೆ ಕೂರಿಸಿದೆ.

ಕೈಪಿಡಿ ಓದುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಅಪ್ಪ ಸಿಂಪಿ ಸುಲಿಯಲು ಕೂರಿಸಿದ. ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ಬೆರಳಿಟ್ಟುಕೊಂಡು ಓದುತ್ತೇನೆ. ಓದಿಕೊಡೆಂದು ಡೊರೀನಳನ್ನು ಕೇಳಬಹುದು. ಕೇಳಿಲ್ಲ.

ಜೂನ್ 20

ಐದು ದಿನ ಇದೊಂದೇ ಕೆಲಸ. ಇಂಜಿನ್ನಿನ ಮೂತಿಯೂ ದೋಣಿ ತಳ್ಳುವ ಫ್ಯಾನಿನ ದಂಡವೂ ಒಂದೇ ನೇರಕ್ಕೆ ಬರಬೇಕು. ಎರಡರ ನಡುವೆ ಸಂದು ಅಳೆಯುವ ತಗಡಿನ ಎಸಳು ತೂರಿಸಿ ನೋಡುವುದು. ಮೇಲೆ ಸರಿ ಮಾಡಿದರೆ ಕೆಳಗೆ ತಪ್ಪುತ್ತದೆ. ನಾನು ಆ ಬದಿಗೆ ಸರಿದು ಕೂತರೂ ಬದಲಾಗುತ್ತದೆ.

ಇವತ್ತು ನಾಲ್ಕೂ ಕಡೆ ಒಂದೇ ದಪ್ಪದ ಎಸಳು. ಡೊರೀನ್ ನೋಡಿ ಪಾನಾ ಒರೆಸಿ ಪೆಟ್ಟಿಗೆಗೆ ಹಾಕಿದಳು. ಅವಳು ಪಾನಾ ಒಳಗಿಟ್ಟರೆ ಚೆನ್ನಾಗಿದೆ ಎಂದು ಅರ್ಥ.

ಜೂನ್ 23, ಬೆಳಿಗ್ಗೆ 9

ಡೊರೀನ್ ಹಲ್ಲು ಕೀಳಿಸಲು ಪೇಟೆಗೆ ಹೋಗಿದ್ದಾಳೆ, ನಾಲ್ಕು ದಿನ ತಂಗಿಯ ಮನೆಯಲ್ಲಿ. "ನಾನಿಲ್ದಿದ್ರೂ ಸ್ಟಾರ್ಟ್ ಮಾಡು, ಕಾಯ್ಬೇಡ" ಎಂದಿದ್ದಳು. ಕೈಪಿಡಿ ನಲವತ್ತನೇ ಪುಟದ ತನಕ ಓದಿದೆ. ಡೀಸೆಲ್ ಪೈಪಿನ ಗಾಳಿ ತೆಗೆದೆ. ಕವಾಟ ತೆರೆದಿದೆ. ಮತ್ತೆ ನೋಡಿದೆ, ತೆರೆದಿದೆ. ಮತ್ತೆ.

ಅದೇ ದಿನ, 11.30

ಕೀಲಿ ಹನ್ನೆರಡು ಸಲ ತಿರುಗಿಸಿದೆ. ಹತ್ತಲಿಲ್ಲ. ಎಲ್ಲೋ ಗಾಳಿ ಉಳಿದಿದೆ. ಪ್ರತಿ ಸಲವೂ ಕವಾಟ ನೋಡಿಯೇ ತಿರುಗಿಸಿದೆ.

ಹದಿಮೂರನೇ ಸಲ — ಟಕ್. ಅಷ್ಟೇ. ಇಂಜಿನ್ ತಿರುಗುತ್ತಲೇ ಇಲ್ಲ. ಕಬ್ಬಿಣದ ಗಟ್ಟಿಯಾಗಿ ಹೋಗಿದೆ.

ಸಂಜೆ

ನಲವತ್ತೊಂದನೇ ಪುಟ ಓದಿದೆ. "ಇಂಜಿನ್ ಹತ್ತದೆ ಹಲವು ಸಲ ತಿರುಗಿಸಬೇಕಾದರೆ ಕಡಲ ಕವಾಟವನ್ನು ಮುಚ್ಚಿಡಿ." ಪಂಪು ಪ್ರತಿ ಸಲವೂ ನೀರೆಳೆಯುತ್ತದೆ. ಇಂಜಿನ್ ಹತ್ತಿದರಷ್ಟೇ ಹೊಗೆ ಆ ನೀರನ್ನು ಹೊರಕ್ಕೆ ತಳ್ಳುತ್ತದೆ. ಹತ್ತದಿದ್ದರೆ ಹೊಗೆಯ ಡಬ್ಬಿ ತುಂಬಿ ನೀರು ಹಿಂದಕ್ಕೆ, ಸಿಲಿಂಡರಿಗೆ... ಉಪ್ಪುನೀರು. ಒಳಗೆ ಕೂತಿದೆ.

ಮುಚ್ಚಿರಬೇಕಿತ್ತು. ನಾನು ಹದಿಮೂರು ಸಲವೂ ತೆರೆದಿದೆ ಎಂದು ನೋಡಿಕೊಂಡೆ.

ಜೂನ್ 24

ತಳದಲ್ಲಿ ಎರಡು ಬೆರಳು ನೀರು.

ಜೂನ್ 27

ಡೊರೀನ್ ಬಂದಳು, ಒಂದು ಕೆನ್ನೆ ಊದಿದೆ. "ಏನಯ್ಯಾ, ಹೊಗೆ ಬಂತಾ?" ಎಂದಳು. ಚೌಡರ್ ಸೂಪು ಬಿಸಿ ಮಾಡುತ್ತಿದ್ದೆ. ಸೌಟು ಹಿಡಿದುಕೊಂಡೇ ಎಲ್ಲ ಹೇಳಿದೆ.

"ಯಾವಾಗ?"

"ಇಪ್ಪತ್ಮೂರಕ್ಕೆ."

"ನಾಲ್ಕು ದಿನ! ನಾಲ್ಕು ದಿನ ಉಪ್ಪಲ್ಲಿ ನೆನೆಸಿಟ್ಟಿದ್ಯಾ? ಫೋನ್ ಇರ್ಲಿಲ್ವಾ ನಿನ್ ಹತ್ರ?"

"ನಿನ್ನ ಹಲ್ಲು..."

"ನನ್ ಹಲ್ಲಿನ ಮನೆ ಹಾಳಾಗ! ನೀರು ನುಗ್ಗಿಸಿದ್ದು ಇರ್ಲಿ, ಟಗ್ಗಿನ ಚೀಫ್ ಇಂಜಿನಿಯರುಗಳೇ ನುಗ್ಗಿಸಿದ್ದು ನೋಡಿದ್ದೀನಿ. ಅದೇ ದಿನ ತೆಗ್ದಿದ್ರೆ ಒಂದು ಮಧ್ಯಾಹ್ನದ ಕೆಲ್ಸ. ಸುಮ್ನೆ ಕೂತ್ಯಲ್ಲ, ಅದು ತಪ್ಪು."

ಓದು ನಿಧಾನ, ಆ ಪುಟಕ್ಕೆ ಬಂದಿರಲಿಲ್ಲ ಎಂದೆ. ಆರು ವರ್ಷದ ನೆರೆಯಲ್ಲಿ ಅವಳಿಗೆ ಇದನ್ನು ಹೇಳಿರಲಿಲ್ಲ. ಅವಳು ಒಲೆ ಆರಿಸಿದಳು. "ಪಾನಾ ಕೊಡು. ಹತ್ತೊಂಬತ್ತರದು."

ಡೀಸೆಲ್ ಚಿಮ್ಮಿಸುವ ಮೂರು ನಳಿಕೆ ಬಿಚ್ಚಿದೆವು. ಆಗಲೂ ತಿರುಗಲಿಲ್ಲ. ನಡುವಿನ ಸಿಲಿಂಡರು ತುಕ್ಕಿಗೆ ಕಚ್ಚಿಕೊಂಡಿದೆ. ಮೂರಕ್ಕೂ ಎಣ್ಣೆ ಸುರಿದೆವು.

"ಈಗ?"

"ಈಗ ಊಟ. ನನ್ ಪಾಲಿಂದು ತೆಳ್ಳಗೆ ಮಾಡು, ಅಗಿಯಕ್ಕಾಗಲ್ಲ."

ಜೂನ್ 28

ಪ್ರತಿ ಗಂಟೆಗೊಮ್ಮೆ ಪಾನಾಕ್ಕೆ ಪೈಪು ತೂರಿಸಿ ಒತ್ತಿದೆ. ಹಿಂದಕ್ಕೆ ಮುಂದಕ್ಕೆ. ಪ್ರೂಯಿಟ್ ಹಾದು ಹೋದರು, ಕಾಗದ ಕಂಕುಳಲ್ಲಿ. "ನಾಡಿದ್ದು ಹತ್ತಕ್ಕೆ ಬರ್ತೀನಿ" ಎಂದರು. ಸರಿ ಎಂದೆ. ಮತ್ತೆ ಪೈಪು ಒತ್ತಿದೆ.

ಸಂಜೆ ನಾಲ್ಕಕ್ಕೆ ಕೂದಲೆಳೆಯಷ್ಟು ಅಲುಗಿತು. ನಂಬದೆ ಮತ್ತೊಮ್ಮೆ ಒತ್ತಿದೆ. ಡೊರೀನಳನ್ನು ಕರೆದೆ. ಅವಳೂ ಒತ್ತಿದಳು. ಅಲುಗಿತು.

ಐದೂವರೆಗೆ ಪೂರ್ತಿ ಒಂದು ಸುತ್ತು! ಆಮೇಲೆ ಕೀಲಿ ತಿರುಗಿಸಿದರೆ ಮೂರು ತೂತಿನಿಂದ ಕಂದು ನೀರು ಚಿಲ್ಲೆಂದು ಚಾವಣಿಗೆ ಹೊಡೆಯಿತು. ದಿಂಬು, ಬ್ರೆಡ್ಡು, ಡೊರೀನಳ ಮುಖ, ಎಲ್ಲ ತೊಯ್ದವು. ಒರೆಸಿಕೊಳ್ಳದೆ ಅವಳು ಹೇಳಿದ್ದು: "ಕವಾಟ?"

"ಮುಚ್ಚಿದೆ."

"ಎಷ್ಟು ಸಲ ನೋಡಿದೆ?"

"ಒಂದೇ."

"ಇನ್ನೆರಡು ಸಲ ನೋಡು ಹೋಗು."

ಜೂನ್ 29

ಇಂಜಿನ್ನಿನ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬದಲಿಸಿದೆವು. ನಳಿಕೆಗಳನ್ನು ಮತ್ತೆ ಕೂರಿಸಿ, ಉಳಿದ ಗಾಳಿ ತೆಗೆದೆವು. ಹತ್ತಿತು, 2.15ಕ್ಕೆ. ಹತ್ತಿದ ಕೂಡಲೇ ಕವಾಟ ತೆರೆದೆ. ಹಿಂದುಗಡೆಯಿಂದ ನೀರು ಉಗಿಯುತ್ತಿದೆ, ಸರಿಯಾಗಿ, ಬೆಕ್ಕು ಸೀನಿದ ಹಾಗೆ. ಹತ್ತು ನಿಮಿಷ ಓಡಿಸಿ ಮತ್ತೆ ಎಣ್ಣೆ ಬದಲಿಸಿದೆವು. ಮತ್ತೊಮ್ಮೆ. ಮೂರನೆಯದು ಸ್ವಚ್ಛ. ಕಟ್ಟೆಗೆ ಬಿಗಿದುಕೊಂಡೇ ಗೇರು ಹಾಕಿ ನೋಡಿದೆ, ಮುಂದಕ್ಕೂ ಹಿಂದಕ್ಕೂ.

ನಡುವಿನ ಸಿಲಿಂಡರು ಬಡಿಯುತ್ತಿದೆ. ಟಿಕ್ ಟಿಕ್. ಡೊರೀನ್ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿ ಕಿವಿಗಿಟ್ಟು ಬಹಳ ಹೊತ್ತು ಕೇಳಿದಳು.

"ಎಷ್ಟು ದಿನ ಬಾಳುತ್ತೆ?"

"ನನ್ನ ಕೇಳ್ತೀಯಲ್ಲ. ಹತ್ತು ವರ್ಷ ಬಾಳ್ಬಹುದು, ನಾಳೆ ಹತ್ತೂವರೆ ತನಕ ಬಾಳ್ಬಹುದು."

ಜೂನ್ 30, 10.35, ನೀರಿನ ಮೇಲೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಚುಕ್ಕಾಣಿ. ಪ್ರೂಯಿಟ್ ಮುಂದೆ ಕೂತಿದ್ದಾರೆ, ಡೊರೀನ್ ಒಳಗೆ ಇಂಜಿನ್ನಿನ ಬುಡದಲ್ಲಿ. ಬಿಸಿಯ ಮುಳ್ಳು ಎಪ್ಪತ್ತೆಂಟರಲ್ಲಿದೆ.

10.50

ದೀಪದ ಕಂಬದ ಪಕ್ಕದಲ್ಲೇ ಪ್ರೂಯಿಟ್ ಮೊಣಕಾಲ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

"ಈಗ್ಲೇ ಹಾಕ್ಬೇಡಿ," ಎಂದೆ. "ವಾಪಸ್ ಹೋಗೋದು ಬಾಕಿ ಇದೆ. ದಾರೀಲಿ ನಿಂತ್ರೆ?"

"ನಿಂತ್ರೆ ನಾನೂ ಇಲ್ಲೇ ಇದ್ದೀನಲ್ಲ ಮಾರಾಯಾ. ಇಬ್ರೂ ಎಳೆಸ್ಕೊಂಡು ಹೋಗೋಣ. ಒಂದು ವರ್ಷಕ್ಕೆ ಜಾಗ ನಿಂದೇ. ತಿರುಗಿಸು ಈಗ."

ತಿರುಗಿಸಲಿಲ್ಲ. ಯಾಕೆಂದು ಗೊತ್ತಿಲ್ಲ. ಎರಡು ವರ್ಷದಿಂದ ಗೋಡೆಯಾಚೆ ಬಂದಿರಲಿಲ್ಲ. ಇನ್ನೊಂದು ಸ್ವಲ್ಪ ಮುಂದೆ ಹೋಗಿ ಬರುತ್ತೇನೆ ಎಂದೆ. ಪ್ರೂಯಿಟ್ ಗಡಿಯಾರ ನೋಡಿದರು, ಆಮೇಲೆ ಟೊಪ್ಪಿ ಬಿಗಿ ಮಾಡಿಕೊಂಡರು. ಒಳಗಿನಿಂದ ಡೊರೀನ್, "ಯಾರಾದ್ರೂ ಅವನಿಗೆ ಜ್ವರ ಇದ್ಯಾ ನೋಡಿ!" ಎಂದಳು.

ಟಿಕ್ ಟಿಕ್ ಇದೆ. ನೀರು ಉಗಿಯುತ್ತಿದೆ. ಎಪ್ಪತ್ತೆಂಟು. ಇಲ್ಲಿ ಅಲೆ ಉದ್ದವಾಗಿದೆ, ಮೂತಿ ಮೇಲೆದ್ದು ನಿಧಾನವಾಗಿ ಇಳಿಯುತ್ತದೆ... ದೊಡ್ಡ ಫೆರ್ರಿ ಹಡಗು ಹೋಯಿತು, ಅದರ ಅಲೆ ಬರುತ್ತಿದೆ, ಪ್ರೂಯಿಟ್ ಕೈ ತೋರಿಸುತ್ತಿದ್ದಾರೆ, ಪುಸ್ತಕ ಕೆಳಗಿಡಬೇ—